ಏರಿನಲ್ಲಿ ಮುಗ್ಗರಿಸುವ ಮೊಪೆಡ್: ಮೊದಲು ಲಕ್ಷಣ ನೋಡಿ, ಆಮೇಲೆ ರಿಪೇರಿ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಬೆದೆ ಗುರುತಿಸುವುದು, ಖನಿಜ ಮಿಶ್ರಣ, ಕರುಗಳ ಪಾಲನೆ ಇಂಥ ವಿಷಯಗಳನ್ನು ಓದುತ್ತೀರಿ. ಈ ಸಲ ಹಸುವಿನ ಬದಲು ಹಾಲು ಹೊರುವ ಗಾಡಿಯ ಬಗ್ಗೆ ಬರೆಯುತ್ತಿದ್ದೇನೆ. ಹಸು ಎಷ್ಟೇ ಚೆನ್ನಾಗಿ ಕರೆದರೂ ಆ ಹಾಲು ಹೊತ್ತಿಗೆ ಸರಿಯಾಗಿ ಸಂಘ ತಲುಪದಿದ್ದರೆ ನಿಮ್ಮ ದುಡಿಮೆಯೆಲ್ಲ ಚರಂಡಿ ಪಾಲು. ಮೂಡಿಗೆರೆ, ಕಳಸದ ಕಡೆ ಮನೆಯಿಂದ ಸಂಘಕ್ಕೆ ಎರಡು ಮೂರು ಕಿ.ಮೀ. ಏರು ದಾರಿ ಇರುವವರು ಬಹಳ ಮಂದಿ. ಕ್ಯಾನು ಹೊರುವುದು ಹೆಚ್ಚಾಗಿ ಮೊಪೆಡ್. ಅದು ಏರಿನಲ್ಲಿ ಮುಗ್ಗರಿಸಿದರೆ ಏನು ಮಾಡಬೇಕು ಎಂಬುದೇ ಈ ತಿಂಗಳ ಪಾಠ.

ನಾನು ಮೆಕ್ಯಾನಿಕ್ ಅಲ್ಲ. ಆದರೆ ರಾತ್ರಿ ಕರೆಗೆ ಹೊರಟಾಗ ನನ್ನ ಬೈಕೂ ಕೈಕೊಟ್ಟಿದೆ. ಕರು ಹಾಕಿದ ಮರುದಿನ ಕ್ಯಾಲ್ಸಿಯಂ ಕೊರತೆಯಿಂದ ಮಲಗಿದ್ದ ಹಸುವೊಂದರ ಬಳಿಗೆ ಒಂದು ಗಂಟೆ ತಡವಾಗಿ ತಲುಪಿದ್ದೆ. ಹಸು ಉಳಿಯಿತು. ಆದರೆ ಆ ಒಂದು ಗಂಟೆ ನನಗೆ ಇನ್ನೂ ನೆನಪಿದೆ. ಅಂದಿನಿಂದ ಇಂಜಿನನ್ನೂ ಒಂದು ಜೀವದಂತೆ ನೋಡಿ ಪರೀಕ್ಷಿಸುವುದನ್ನು ಕಲಿತೆ.

ಒಂದು ಮನೆಯಲ್ಲಿ ನಡೆದದ್ದು

ಕಳಸದ ಕಡೆಯ ಒಬ್ಬ ಸದಸ್ಯೆಗೆ ಎರಡು ಮಿಶ್ರತಳಿ ಹಸುಗಳಿವೆ. ಬೆಳಗ್ಗೆ 11 ಲೀಟರ್ ಹಾಲು ಹಾಕುತ್ತಾರೆ. ಒಂದು ಜುಲೈಯಲ್ಲಿ ಅವರ ಮೊಪೆಡ್ ತೊಂದರೆ ಕೊಡಲು ಶುರು ಮಾಡಿತು. ಅಂಗಳದಲ್ಲಿ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಮೊದಲ ಏರಿನ ತಿರುವಿನಲ್ಲಿ ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಉಸಿರು ಕಟ್ಟಿದಂತೆ ಕುಗ್ಗಿ ನಿಂತುಬಿಡುತ್ತಿತ್ತು. ಎರಡು ದಿನ ತಳ್ಳಿಕೊಂಡು ಹೋಗಿ ತಡವಾಯಿತು. ಮೂರನೆಯ ದಿನ ಸಂಘದಲ್ಲಿ ಕಾಯಿಸಿ ನೋಡಿದಾಗ ಹಾಲು ಒಡೆಯಿತು, ವಾಪಸ್ ಬಂತು.

ಮುಂದಿನ ಎರಡು ವಾರದಲ್ಲಿ ಅವರು ಎರಡು ಸಲ ಪ್ಲಗ್ ಬದಲಾಯಿಸಿದರು. ಆಮೇಲೆ ಯಾರೋ 'ಕಾರ್ಬುರೇಟರೇ ಹೋಗಿದೆ' ಎಂದರು. ಸಾವಿರದ ಆರುನೂರು ರೂಪಾಯಿ ಕೊಟ್ಟು ಹೊಸದು ಹಾಕಿಸಿದರು. ನಾಲ್ಕು ದಿನ ಸರಿಯಿತ್ತು. ಐದನೆಯ ದಿನ ಮತ್ತೆ ಅದೇ ಕಥೆ.

ಹಸುವಿನ ಗರ್ಭ ಪರೀಕ್ಷೆಗೆ ನಾನು ಅವರ ಮನೆಗೆ ಹೋದಾಗ ಗಾಡಿ ಕೊಟ್ಟಿಗೆಯ ಸೂರಿನ ಅಂಚಿನಲ್ಲಿ ನಿಂತಿತ್ತು. ಹೆಂಚಿನಿಂದ ಇಳಿಯುವ ನೀರು ನೇರವಾಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಬೀಳುತ್ತಿತ್ತು. ಮುಚ್ಚಳದ ಒಳಗಿನ ರಬ್ಬರ್ ಬಿರುಕು ಬಿಟ್ಟಿತ್ತು. ಕಾರ್ಬುರೇಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಪೆಟ್ರೋಲ್ ಇಳಿಸಿದೆವು. ಲೋಟದ ತಳದಲ್ಲಿ ಒಂದು ಚಮಚೆಯಷ್ಟು ನೀರು ಬೇರೆಯಾಗಿ ನಿಂತಿತು. ಹೊಸ ಕಾರ್ಬುರೇಟರಿಗೂ ಹಳೆಯ ನೀರೇ ಇಳಿಯುತ್ತಿತ್ತು. ಟ್ಯಾಂಕ್ ಖಾಲಿ ಮಾಡಿಸಿ, ಮುಚ್ಚಳ ಬದಲಾಯಿಸಿ, ಗಾಡಿಯನ್ನು ಎರಡು ಮೊಳ ಒಳಗೆ ನಿಲ್ಲಿಸಿದ ಮೇಲೆ ಆ ಮಳೆಗಾಲ ಪೂರ್ತಿ ತೊಂದರೆ ಬರಲಿಲ್ಲ.

ನಾನು ಅವರನ್ನು ಒಂದೇ ಪ್ರಶ್ನೆ ಕೇಳಿದೆ: 'ಹಸು ಮೇವು ಬಿಟ್ಟರೆ ಜ್ವರ ನೋಡದೆ ಇಂಜೆಕ್ಷನ್ ಕೊಡಿಸುತ್ತೀರಾ?' ಅವರು ನಕ್ಕು, 'ಇಲ್ಲ, ನೀವೇ ಬೈತೀರಿ' ಎಂದರು. ಗಾಡಿಗೂ ಅದೇ ನಿಯಮ. ಲಕ್ಷಣ ನೋಡಿ, ಕಾರಣ ಹುಡುಕಿ, ಆಮೇಲೆ ಬಿಡಿಭಾಗ ಕೊಳ್ಳಿ.

ನಿಮ್ಮ ಗಾಡಿಯಲ್ಲಿ ಕಾರ್ಬುರೇಟರ್ ಇದೆಯೇ?

ಇದನ್ನು ಮೊದಲು ತಿಳಿದುಕೊಳ್ಳಿ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಜಾರಿಗೆ ಬಂದಿದೆ. ಆ ನಿಯಮದಂತೆ ಬಂದ ಟಿವಿಎಸ್ ಎಕ್ಸ್‌ಎಲ್ 100ರಲ್ಲಿ ಕಾರ್ಬುರೇಟರ್ ಇಲ್ಲ. ಕಂಪ್ಯೂಟರ್ ನಿಯಂತ್ರಣದ ಫ್ಯೂಯಲ್ ಇಂಜೆಕ್ಷನ್ ಇದೆ. ಅಂಥ ಗಾಡಿ ಮುಗ್ಗರಿಸಿದರೆ ಬಿಚ್ಚಲು ಹೋಗದೆ ಸರ್ವೀಸ್ ಸೆಂಟರಿಗೆ ಒಯ್ಯಿರಿ. ಪೆಟ್ರೋಲಿನಲ್ಲಿ ನೀರು ಸೇರದಂತೆ ನೋಡಿಕೊಳ್ಳುವ ಮಾತು ಮಾತ್ರ ಅದಕ್ಕೂ ಅನ್ವಯಿಸುತ್ತದೆ. ಅದಕ್ಕಿಂತ ಹಿಂದಿನ ನಾಲ್ಕು ಸ್ಟ್ರೋಕಿನ ಮೊಪೆಡ್, ಇನ್ನೂ ಹಳೆಯ ಎರಡು ಸ್ಟ್ರೋಕಿನ ಮೊಪೆಡ್ ಎರಡರಲ್ಲೂ ಕಾರ್ಬುರೇಟರ್ ಇರುತ್ತದೆ.

ಕಾರ್ಬುರೇಟರ್ ಮಾಡುವ ಕೆಲಸ

ಹಸುವಿಗೆ ಹಿಂಡಿ, ಹಸಿಹುಲ್ಲು, ಒಣಹುಲ್ಲು ಹದವಾಗಿ ಬೇಕು. ಹಿಂಡಿ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ, ಕಡಿಮೆಯಾದರೆ ಹಾಲು ಇಳಿಯುತ್ತದೆ. ಇಂಜಿನಿಗೂ ಹಾಗೆಯೇ ಪೆಟ್ರೋಲ್ ಮತ್ತು ಗಾಳಿ ಹದವಾಗಿ ಬೇಕು. ತೂಕದಲ್ಲಿ ಹೇಳುವುದಾದರೆ ಒಂದು ಪಾಲು ಪೆಟ್ರೋಲಿಗೆ ಹೆಚ್ಚುಕಡಿಮೆ 14ರಿಂದ 15 ಪಾಲು ಗಾಳಿ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಎಂಟು ಒಂಬತ್ತು ಸಾವಿರ ಲೀಟರ್ ಗಾಳಿ ಬೇಕಾಗುತ್ತದೆ. ಈ ಹದವನ್ನು ಬೆರೆಸುವ ಬಾಣಲಿಯೇ ಕಾರ್ಬುರೇಟರ್.

ಅದರ ತಳದಲ್ಲಿ ಒಂದು ಸಣ್ಣ ಬಟ್ಟಲಿದೆ. ಟ್ಯಾಂಕಿನಿಂದ ಬಂದ ಪೆಟ್ರೋಲ್ ಅಲ್ಲಿ ನಿಲ್ಲುತ್ತದೆ. ಅದರೊಳಗಿನ ತೇಲುವ ಫ್ಲೋಟ್, ನೀರಿನ ತೊಟ್ಟಿಯ ಬಾಲ್‌ಕಾಕಿನಂತೆ, ಬಟ್ಟಲು ತುಂಬಿದಾಗ ಪೆಟ್ರೋಲ್ ಬರುವುದನ್ನು ನಿಲ್ಲಿಸುತ್ತದೆ. ಬಟ್ಟಲಿನಿಂದ ಜೆಟ್ ಎಂಬ ಹಿತ್ತಾಳೆಯ ಸಣ್ಣ ತೂತುಗಳ ಮೂಲಕ ಪೆಟ್ರೋಲ್ ಮೇಲೇರುತ್ತದೆ. ಗಾಡಿ ನಿಂತಲ್ಲೇ ಓಡುವಾಗ ಮತ್ತು ಆಕ್ಸಿಲರೇಟರನ್ನು ಆಗಷ್ಟೇ ತಿರುಗಿಸುವಾಗ ಪೈಲಟ್ ಜೆಟ್ ಕೆಲಸ ಮಾಡುತ್ತದೆ. ಪೂರ್ತಿ ತಿರುಗಿಸಿ ಏರು ಹತ್ತುವಾಗ ಮೇನ್ ಜೆಟ್ ಕೆಲಸ ಮಾಡುತ್ತದೆ. ಪೈಲಟ್ ಜೆಟ್ಟಿನ ತೂತು ಕೂದಲೆಳೆಯಷ್ಟು ಸಣ್ಣದು.

ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಗಾಳಿ ಒಮ್ಮೆಲೇ ನುಗ್ಗುತ್ತದೆ. ಪೆಟ್ರೋಲ್ ಗಾಳಿಗಿಂತ ಭಾರವಾದದ್ದರಿಂದ ಒಂದು ಕ್ಷಣ ಹಿಂದೆ ಬೀಳುತ್ತದೆ. ಎಲ್ಲ ಸರಿಯಿದ್ದರೆ ಆ ಕ್ಷಣ ನಮಗೆ ಗೊತ್ತೇ ಆಗುವುದಿಲ್ಲ. ಜೆಟ್ಟಿನಲ್ಲಿ ಕಸವಿದ್ದರೆ ಅಥವಾ ಬಟ್ಟಲಿನಲ್ಲಿ ನೀರಿದ್ದರೆ ಇಂಜಿನ್ ಮುಗ್ಗರಿಸುತ್ತದೆ.

ಮೊದಲ ಹೆಜ್ಜೆ: ಯಾವಾಗ ಮುಗ್ಗರಿಸುತ್ತದೆ?

ಹಸುವಿನ ಕಾಯಿಲೆಗೆ ನಾವು 'ಎಂದಿನಿಂದ? ಮೆಲುಕು ಹಾಕುತ್ತಿದೆಯೇ? ಸೆಗಣಿ ಹೇಗಿದೆ?' ಎಂದು ಕೇಳುತ್ತೇವೆ. ಗಾಡಿಗೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಆಕ್ಸಿಲರೇಟರ್ ತಿರುಗಿಸಿದ ಆರಂಭದಲ್ಲಿ ಮಾತ್ರ ಮುಗ್ಗರಿಸಿ, ಆಮೇಲೆ ಚೆನ್ನಾಗಿ ಎಳೆಯುತ್ತದೆಯೇ? ಪೈಲಟ್ ಜೆಟ್ ಕಟ್ಟಿರಬಹುದು ಅಥವಾ ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರುತ್ತಿರಬಹುದು.

2. ಸಮತಟ್ಟಿನಲ್ಲಿ ಸರಿ, ಏರಿನಲ್ಲಿ ಪೂರ್ತಿ ತಿರುಗಿಸಿದಾಗ ಕುಗ್ಗುತ್ತದೆಯೇ? ಮೇನ್ ಜೆಟ್ಟಿನಲ್ಲಿ ಕಸ ಇರಬಹುದು ಅಥವಾ ಪೆಟ್ರೋಲ್ ನಲ್ಲಿಯ ಜಾಲರಿ ಕಟ್ಟಿ ಪೆಟ್ರೋಲ್ ಸಾಲದೆ ಬರುತ್ತಿರಬಹುದು.

3. ಹತ್ತು ಹದಿನೈದು ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆಯೇ? ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿರಬಹುದು. ಗಾಡಿ ನಿಂತಾಗ ಮುಚ್ಚಳ ಬಿಚ್ಚಿ ನೋಡಿ. 'ಸುಸ್' ಎಂದು ಗಾಳಿ ಒಳಕ್ಕೆ ಎಳೆದು, ಆಮೇಲೆ ಗಾಡಿ ಓಡಿದರೆ ಕಾರಣ ಅದೇ. ಹಾಗಾಗದಿದ್ದರೆ ಬಿಸಿಯಾದಾಗ ಕಿಡಿ ಕೊಡುವ ಕಾಯಿಲ್ ಸೋಲುತ್ತಿರಬಹುದು. ಅದು ಮೆಕ್ಯಾನಿಕ್ ಕೆಲಸ.

4. ಜೋರು ಮಳೆ ಬಂದ ಮರುದಿನ ಮಾತ್ರ ತೊಂದರೆಯೇ? ಪೆಟ್ರೋಲಿನಲ್ಲಿ ನೀರು ಅಥವಾ ಪ್ಲಗ್ಗಿನ ಟೋಪಿಯಲ್ಲಿ ತೇವ.

5. ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇದೆಯೇ? ಇಲ್ಲಿ ಪೆಟ್ರೋಲ್ ಹೆಚ್ಚಾಗಿದೆ. ಏರ್ ಫಿಲ್ಟರ್ ಕೊಳೆಯಾಗಿದೆಯೇ, ಚೋಕ್ ಪೂರ್ತಿ ಬಿಟ್ಟಿದೆಯೇ ನೋಡಿ.

ಚಾರ್ಮಾಡಿ ಘಾಟಿಯ ಕೆಳಗಿನಿಂದ ಹಳೆಯ ಗಾಡಿ ಕೊಂಡು ತಂದವರಿಗೆ ಒಂದು ಮಾತು. ಮೂಡಿಗೆರೆ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಕರಾವಳಿಗಿಂತ ಇಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಕೆಳಗೆ ಹದ ಮಾಡಿದ ಕಾರ್ಬುರೇಟರ್ ಇಲ್ಲಿ ಸ್ವಲ್ಪ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಗಾಡಿ ಕೊಂಡ ಮೇಲೆ ಇಲ್ಲಿಯ ಮೆಕ್ಯಾನಿಕ್ ಹತ್ತಿರ ಒಮ್ಮೆ ಹದ ಮಾಡಿಸಿ.

ಎರಡನೆಯ ಹೆಜ್ಜೆ: ಚೋಕ್ ಪರೀಕ್ಷೆ

ಇದೇ ನಮ್ಮ ಥರ್ಮಾಮೀಟರ್. ದುಡ್ಡು ಖರ್ಚಿಲ್ಲ, ಎರಡು ನಿಮಿಷದ ಕೆಲಸ.

ಇಂಜಿನ್ ಬಿಸಿಯಾದ ಮೇಲೆ, ಖಾಲಿ ಕ್ಯಾನಿನೊಂದಿಗೆ, ಜನಸಂಚಾರ ಇಲ್ಲದ ದಾರಿಯಲ್ಲಿ ನಿಧಾನವಾಗಿ ಓಡಿಸಿ. ಗಾಡಿ ಮುಗ್ಗರಿಸುವುದು ಗೊತ್ತಾದಾಗ ನಿಲ್ಲಿಸಿ, ಚೋಕನ್ನು ಅರ್ಧ ಎಳೆದು ಮತ್ತೆ ಓಡಿಸಿ ನೋಡಿ. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ.

- ಚೋಕ್ ಎಳೆದಾಗ ಗಾಡಿ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ನೀರು, ಕಸ, ಕಟ್ಟಿದ ಜೆಟ್, ಗಾಳಿ ಸೋರಿಕೆ ಹುಡುಕಿ.
- ಇನ್ನೂ ಹದಗೆಟ್ಟರೆ ಪೆಟ್ರೋಲ್ ಈಗಾಗಲೇ ಹೆಚ್ಚಾಗಿದೆ. ಏರ್ ಫಿಲ್ಟರ್ ನೋಡಿ.
- ಏನೂ ವ್ಯತ್ಯಾಸ ಆಗದಿದ್ದರೆ ಪ್ಲಗ್, ಕಿಡಿ, ಸೈಲೆನ್ಸರ್ ಕಡೆ ನೋಡಿ. ಎರಡು ಸ್ಟ್ರೋಕಿನ ಹಳೆಯ ಗಾಡಿಗಳ ಸೈಲೆನ್ಸರಿನಲ್ಲಿ ಮಸಿ ಕಟ್ಟಿದರೂ ಏರಿನಲ್ಲಿ ಎಳೆಯುವುದಿಲ್ಲ.

ಇದು ಪರೀಕ್ಷೆ, ಚಿಕಿತ್ಸೆಯಲ್ಲ. ಚೋಕ್ ಎಳೆದರೆ ಓಡುತ್ತದೆ ಎಂದು ದಿನವೂ ಹಾಗೆಯೇ ಓಡಿಸಿದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಪೆಟ್ರೋಲ್ ಪೋಲಾಗುತ್ತದೆ. ಮೊಪೆಡನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಆಕ್ಸಿಲರೇಟರ್ ತಿರುಗಿಸಿದರೆ ಹಿಂದಿನ ಚಕ್ರ ತಿರುಗುತ್ತದೆ ಎಂಬುದೂ ನೆನಪಿರಲಿ. ಸೆರಗು, ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಮೂರನೆಯ ಹೆಜ್ಜೆ: ಬಟ್ಟಲಿನ ನೀರು ಇಳಿಸುವುದು

ನಮ್ಮ ಮಳೆಗಾಲದಲ್ಲಿ ಮೊದಲು ಅನುಮಾನಿಸಬೇಕಾದದ್ದು ನೀರನ್ನು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇ 20ರವರೆಗೆ ಎಥೆನಾಲ್ ಬೆರೆಸಿರುತ್ತಾರೆ. ಎಥೆನಾಲ್ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥೆನಾಲನ್ನೂ ಜೊತೆಗೆ ಕರೆದುಕೊಂಡು ತಳಕ್ಕೆ ಇಳಿದು ಬೇರೆಯಾಗಿ ನಿಲ್ಲುತ್ತದೆ. ಪೆಟ್ರೋಲ್ ಎಳೆಯುವುದೂ ತಳದಿಂದಲೇ. ಹಾಗಾಗಿ ಇಂಜಿನಿಗೆ ಮೊದಲು ಹೋಗುವುದೇ ಆ ನೀರು.

ಮಾಡುವ ವಿಧಾನ ಹೀಗೆ:

- ಇಂಜಿನ್ ಪೂರ್ತಿ ತಣ್ಣಗಾಗಲಿ. ಗಾಡಿಯನ್ನು ಬಯಲಿಗೆ ತನ್ನಿ. ಕೊಟ್ಟಿಗೆಯಲ್ಲಿ ಸೊಳ್ಳೆಗೆ ಹೊಗೆ ಹಾಕಿದ್ದರೆ, ಬಚ್ಚಲ ಒಲೆ ಉರಿಯುತ್ತಿದ್ದರೆ ಅದರ ಹತ್ತಿರ ಬೇಡವೇ ಬೇಡ.
- ಪೆಟ್ರೋಲ್ ನಲ್ಲಿ ಮುಚ್ಚಿ.
- ಕಾರ್ಬುರೇಟರಿನ ತಳದ ಬಟ್ಟಲಿನಲ್ಲಿರುವ ಸಣ್ಣ ಡ್ರೈನ್ ಸ್ಕ್ರೂವನ್ನು ಸಡಿಲಿಸಿ. ಬರುವ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ.
- ಐದು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರವೋ ಗುಳ್ಳೆಯಂಥ ನೀರೋ ಕಂಡರೆ ಕಾರಣ ಸಿಕ್ಕಿತು. ತುಕ್ಕಿನ ಪುಡಿ ಕಂಡರೆ ಟ್ಯಾಂಕಿನ ಒಳಗೆ ತುಕ್ಕು ಹಿಡಿದಿದೆ.
- ಸ್ಕ್ರೂ ಬಿಗಿ ಮಾಡಿ, ನಲ್ಲಿ ತೆರೆದು, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡು ಆಮೇಲೆ ಸ್ಟಾರ್ಟ್ ಮಾಡಿ.

ನೀರು ಕಂಡರೆ ಬಟ್ಟಲು ಮಾತ್ರ ಖಾಲಿ ಮಾಡಿದರೆ ಸಾಲದು. ಟ್ಯಾಂಕನ್ನೂ ಖಾಲಿ ಮಾಡಿಸಬೇಕು. ಪೈಪಿನಲ್ಲಿ ಬಾಯಿಂದ ಪೆಟ್ರೋಲ್ ಎಳೆಯಬೇಡಿ. ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ.

ನಾಲ್ಕನೆಯ ಹೆಜ್ಜೆ: ಫಿಲ್ಟರ್ ಮತ್ತು ಪ್ಲಗ್

ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ದಾರಿಯ ಕೆಂಪು ಧೂಳು, ಮಳೆಗಾಲದಲ್ಲಿ ಕೆಸರಿನ ಸಿಂಚನ. ಏರ್ ಫಿಲ್ಟರಿಗೆ ಎರಡೂ ಶತ್ರು. ಸ್ಪಂಜಿನ ಫಿಲ್ಟರ್ ಆದರೆ ಸೋಪು ನೀರಿನಲ್ಲಿ ತೊಳೆದು, ಹಿಂಡದೆ ಒತ್ತಿ, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಿ. ಕಾಗದದ ಫಿಲ್ಟರನ್ನು ತೊಳೆಯಬಾರದು. ಮೆಲ್ಲಗೆ ತಟ್ಟಿ ಧೂಳು ಉದುರಿಸಿ, ಒದ್ದೆಯಾಗಿದ್ದರೆ ಬದಲಾಯಿಸಿ. ಫಿಲ್ಟರ್ ತೆಗೆದಿಟ್ಟು ಗಾಡಿ ಓಡಿಸಬೇಡಿ.

ಪ್ಲಗ್ಗಿನ ತುದಿಯ ಬಣ್ಣ ಇಂಜಿನಿನ ಸೆಗಣಿ ಪರೀಕ್ಷೆ ಇದ್ದಂತೆ. ಬಿಸ್ಕತ್ತಿನ ಬಣ್ಣ ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ. ಒದ್ದೆಯಾಗಿದ್ದರೆ ಕಿಡಿ ಸರಿಯಿಲ್ಲ ಅಥವಾ ಪೆಟ್ರೋಲ್ ಉಕ್ಕುತ್ತಿದೆ. ಎರಡು ಸ್ಟ್ರೋಕಿನ ಗಾಡಿಗೆ ಆಯಿಲನ್ನು ಕೈಪಿಡಿಯಲ್ಲಿ ಹೇಳಿದ ಅಳತೆಯಲ್ಲೇ ಬೆರೆಸಿ. 'ಸ್ವಲ್ಪ ಜಾಸ್ತಿ ಇರಲಿ' ಎಂದರೆ ಪ್ಲಗ್ಗಿಗೆ ಜಿಡ್ಡು, ಕಡಿಮೆ ಮಾಡಿದರೆ ಇಂಜಿನ್ ಜಾಮ್.

ಇಲ್ಲಿ ಕೈ ಹಾಕಬೇಡಿ

ಹಾಲು ಬಾರದ ಮೊಲೆಗೆ ಕಡ್ಡಿ, ಗರಿ ತೂರಿಸಿ, ಆಮೇಲೆ ಕೆಚ್ಚಲು ಬಾವಾಗಿ ನನ್ನನ್ನು ಕರೆದವರಿದ್ದಾರೆ. ಜೆಟ್ಟಿಗೆ ಪಿನ್ನು, ತಂತಿ ತೂರಿಸುವುದೂ ಅಂಥದೇ ಕೆಲಸ. ಹಿತ್ತಾಳೆ ಮೃದು ಲೋಹ. ತೂತು ಒಂದಿಷ್ಟು ಅಗಲವಾದರೂ ಹದ ಶಾಶ್ವತವಾಗಿ ಕೆಡುತ್ತದೆ. ಜೆಟ್ಟನ್ನು ಮೆಕ್ಯಾನಿಕ್ ಹತ್ತಿರ ಕ್ಲೀನರ್ ದ್ರವ ಮತ್ತು ಗಾಳಿಯ ಒತ್ತಡದಿಂದಲೇ ಸ್ವಚ್ಛ ಮಾಡಿಸಿ.

ಕಾರ್ಬುರೇಟರಿನ ಪಕ್ಕದಲ್ಲಿರುವ ಹದದ ಸ್ಕ್ರೂವನ್ನೂ ಸುಮ್ಮನೆ ತಿರುಗಿಸಬೇಡಿ. ಕೆಲವು ಕಾರ್ಬುರೇಟರಿನಲ್ಲಿ ಅದು ಗಾಳಿಯದು, ಕೆಲವದರಲ್ಲಿ ಪೆಟ್ರೋಲಿನದು. ಒಂದರಲ್ಲಿ ಒಳಗೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚುತ್ತದೆ, ಇನ್ನೊಂದರಲ್ಲಿ ಕಡಿಮೆಯಾಗುತ್ತದೆ. ಮೆಕ್ಯಾನಿಕ್ ತಿರುಗಿಸುವ ಮುಂಚೆ ಎಷ್ಟು ಸುತ್ತು ಇತ್ತು ಎಂದು ಎಣಿಸಿ ಬರೆದಿಡಲು ಹೇಳಿ. 'ಚೋಕ್ ಎಳೆದರೆ ಸುಧಾರಿಸುತ್ತದೆ, ಬಟ್ಟಲಿನಲ್ಲಿ ನೀರಿಲ್ಲ, ಫಿಲ್ಟರ್ ಸ್ವಚ್ಛ ಇದೆ' ಎಂದು ನೀವು ಹೇಳಿದರೆ ಅವರು ನೇರವಾಗಿ ಜೆಟ್ ನೋಡುತ್ತಾರೆ. ಬೇಡದ ಬಿಡಿಭಾಗ ಬದಲಾಯಿಸುವ ಮಾತೇ ಬರುವುದಿಲ್ಲ.

ಹಾಲಿನ ಮಾತು ಮರೆಯಬೇಡಿ

ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಪೆಟ್ರೋಲ್ ಮುಟ್ಟಿದ ಕೈಯಲ್ಲಿ ಕ್ಯಾನಿನ ಮುಚ್ಚಳ ಹಿಡಿದರೂ ಸಾಕು. ಗಾಡಿಯ ಕೆಲಸವನ್ನು ಕರೆಯುವ ಮುಂಚೆ ಮಾಡಬೇಡಿ. ಹಾಲು ಹಾಕಿ ಬಂದ ಮೇಲೆ ಮಾಡಿ, ಕೈಯನ್ನು ಸೋಪಿನಿಂದ ತೊಳೆಯಿರಿ. ಪೆಟ್ರೋಲ್ ಬಾಟಲಿ ಮತ್ತು ಹಾಲಿನ ಕ್ಯಾನನ್ನು ಒಂದೇ ಕೊಕ್ಕೆಗೆ, ಒಂದೇ ಚೀಲಕ್ಕೆ ಹಾಕಲೇಬೇಡಿ. ಗಾಡಿ ಒರೆಸಿದ ಬಟ್ಟೆ ಕೊಟ್ಟಿಗೆಯ ಒಳಗೆ ಬರಬಾರದು.

ಗಾಡಿ ದಾರಿಯಲ್ಲಿ ನಿಂತರೆ ಕ್ಯಾನನ್ನು ನೆರಳಿನಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿ, ಪಕ್ಕದವರಿಗೆ ಫೋನ್ ಮಾಡಿ. ಮನೆಯಲ್ಲೇ ತಡವಾಗುವುದು ಗೊತ್ತಾದರೆ ಕ್ಯಾನನ್ನು ತಣ್ಣೀರಿನ ಟಬ್ಬಿನಲ್ಲಿ ಕುತ್ತಿಗೆವರೆಗೆ ಇಳಿಸಿಡಿ. ಕರೆದ ಹಾಲು ಹಸುವಿನ ಮೈಬಿಸಿಯಲ್ಲೇ ಇರುತ್ತದೆ. ಆ ಬಿಸಿಯಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಯೊಳಗೆ ಇಮ್ಮಡಿಯಾಗಬಲ್ಲವು. ಒಡೆಯದಿರಲಿ ಎಂದು ಸೋಡಾ, ಐಸ್, ನೀರು ಹಾಕಬೇಡಿ, ಅದು ಕಲಬೆರಕೆ. ಅರ್ಧ ತುಂಬಿದ ದೊಡ್ಡ ಕ್ಯಾನಿಗಿಂತ ಪೂರ್ತಿ ತುಂಬಿದ ಸಣ್ಣ ಕ್ಯಾನ್ ಒಳ್ಳೆಯದು. ಕುಲುಕಾಟದಲ್ಲಿ ಬೆಣ್ಣೆ ಕಟ್ಟಿದರೆ ನಿಮ್ಮ ಫ್ಯಾಟ್ ಲೆಕ್ಕ ತಪ್ಪುತ್ತದೆ.

ಮಳೆಗಾಲಕ್ಕೆ ಮುಂಚೆ ಮಾಡಬೇಕಾದ್ದು

- ಟ್ಯಾಂಕ್ ಮುಚ್ಚಳದ ರಬ್ಬರ್ ನೋಡಿ, ಬಿರುಕಿದ್ದರೆ ಬದಲಾಯಿಸಿ.
- ಗಾಡಿಯನ್ನು ಸೂರಿನ ನೀರು ಬೀಳದ ಜಾಗದಲ್ಲಿ ನಿಲ್ಲಿಸಿ. ಟ್ಯಾಂಕ್ ತೀರ ಖಾಲಿ ಬಿಡಬೇಡಿ. ಖಾಲಿ ಜಾಗದಲ್ಲಿ ತೇವ ಕಟ್ಟುತ್ತದೆ.
- ಪೆಟ್ರೋಲನ್ನು ತಿಂಗಳುಗಟ್ಟಲೆ ನೀರಿನ ಬಾಟಲಿಯಲ್ಲಿ ಕೂಡಿಡಬೇಡಿ.
- ರಾತ್ರಿ ಪೆಟ್ರೋಲ್ ನಲ್ಲಿ ಮುಚ್ಚುವುದನ್ನು ರೂಢಿ ಮಾಡಿಕೊಳ್ಳಿ.
- ಹುಲ್ಲು ಕೊಚ್ಚುವ ಪೆಟ್ರೋಲ್ ಯಂತ್ರಕ್ಕೂ ಇದೇ ಕಾಯಿಲೆ ಬರುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಎತ್ತಿಡಿ.

ಯಾವಾಗ ಮುಗ್ಗರಿಸುತ್ತದೆ, ಚೋಕ್ ಎಳೆದರೆ ಏನಾಗುತ್ತದೆ, ಬಟ್ಟಲಿನಲ್ಲಿ ಏನಿದೆ. ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಹಾಲಿನ ಪುಸ್ತಕದೊಳಗೆ ಇಟ್ಟುಕೊಳ್ಳಿ. ಮೇಲೆ ಹೇಳಿದ ಸದಸ್ಯೆ ಈಗ ಜೂನ್ ಬಂತೆಂದರೆ ಹದಿನೈದು ದಿನಕ್ಕೊಮ್ಮೆ ತಾವೇ ಬಟ್ಟಲಿನ ಸ್ಕ್ರೂ ಸಡಿಲಿಸಿ ನೋಡುತ್ತಾರೆ. ಕಳೆದ ಸಲ ಅವರ ಮನೆಗೆ ಹೋದಾಗ ಗಾಜಿನ ಲೋಟ ನನ್ನ ಮುಂದೆ ಹಿಡಿದು, 'ನೋಡಿ ಡಾಕ್ಟ್ರೇ, ಜ್ವರ ಇಲ್ಲ' ಎಂದರು.